ಕಾವೇರಿ, ಎಮ್ ಮತ್ತು ನಮ್ಮ ಚಿಕ್ಕಮ್ಮ

‘ನನ್ನನ್ನು ಕಾಡಿದ ಕಾದಂಬರಿ’ ಎಂಬ ವಿಷಯದ ಮೇಲೆ ಬರೆದುಕೊಡಿ ಎಂದು ನಮ್ಮ ಮಹಿಳಾ ವಿಭಾಗದ ಗೆಳತಿ ಫೋನು ಮಾಡಿದಾಗ ನಾನು ಎರಡು ಪುಸ್ತಕಗಳ ಹೆಸರು ಹೇಳಿದೆ. ಒಂದು, ನಮಗೆಲ್ಲ ಗೊತ್ತಿರುವ ತ್ರಿವೇಣಿಯವರ ‘ಶರಪಂಜರ’. ಇನ್ನೊಂದು, ನಮ್ಮ ಮುಂಬಯಿಯ ಮಾಹಿಮಿನಲ್ಲೇ ನಡೆಯುವ, ಜೆರ್ರಿ ಪಿಂಟೋ ಇಂಗ್ಲಿಷಿನಲ್ಲಿ ಬರೆದ ‘ಎಮ್ ಆ್ಯಂಡ್ ದ ಬಿಗ್ ಹೂಮ್’. “ಎರಡೂ ಹುಚ್ಚಿನ ಕಥೆಯಲ್ವಾ? ಸಂಚಿಕೆಗೆ ಸ್ವಲ್ಪ ಭಾರ ಆಗಬಹುದೇನೋ” ಎಂದಳು ಅವಳು. ಆಗಬಹುದು. ಆದರೆ ಆ ಭಾರ ನಮ್ಮ ಮನೆಗಳಲ್ಲಿ ಇದ್ದೇ ಇದೆ, ನಾವು ಅದರ ಮೇಲೊಂದು ಬಟ್ಟೆ ಹೊದಿಸಿ ಇಟ್ಟಿದ್ದೇವೆ ಅಷ್ಟೆ. ಈ ಸಲ ನಮ್ಮ ಮನೆಯದನ್ನು ತೆಗೆದು ತೋರಿಸುತ್ತೇನೆ. ಹೆಸರುಗಳನ್ನು ಹೇಳುವುದಿಲ್ಲ. ಬರೆಯಲು ಚಿಕ್ಕಮ್ಮನ ಮಗಳು ಒಪ್ಪಿಗೆ ಕೊಟ್ಟಿದ್ದಾಳೆ.

ನಾನು ಹುಟ್ಟಿದ್ದು 1963ರಲ್ಲಿ. ನಮ್ಮದು ಘಾಟ್ಕೋಪರಿನ ಒಂದು ಚಾಳು, ಎರಡು ಖೋಲಿ, ಹೊರಗೆ ಉದ್ದನೆಯ ಗ್ಯಾಲರಿ, ಕೊನೆಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. 1974ರ ಮಳೆಗಾಲದ ಆರಂಭದಲ್ಲಿ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಉಡುಪಿಯಿಂದ ಅಜ್ಜಿಯೂ ಬಂದಿದ್ದರು. ಹೆಣ್ಣು ಮಗು ಹುಟ್ಟಿತು. ಎಂಟನೆಯ ದಿನದಿಂದ ಚಿಕ್ಕಮ್ಮನಿಗೆ ನಿದ್ದೆ ಬರಲಿಲ್ಲ. ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ. ರಾತ್ರಿಯೆಲ್ಲ ಮಾತು, ನಗು, ಒಮ್ಮೆಲೇ ಅಳು. ಮಗು ತನ್ನದಲ್ಲ, ಆಸ್ಪತ್ರೆಯಲ್ಲಿ ಬದಲಾಗಿದೆ ಎಂದಳು. ಅಜ್ಜಿ ನೋಡಿದ ಕೂಡಲೇ ಹೇಳಿದರು: “ಇದು ಬಾಣಂತಿ ಸನ್ನಿ.”

ಈ ಮಾತು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಹೆರಿಗೆಯಾದ ಹೆಂಗಸಿಗೆ ಬುದ್ಧಿ ಕದಡಬಹುದು ಎಂಬುದನ್ನು ನಮ್ಮ ಭಾಷೆ ಎಂದೋ ಗುರುತಿಸಿ ಹೆಸರಿಟ್ಟಿದೆ. ಜ್ವರದಿಂದ ಬಂದದ್ದನ್ನೂ ಮನಸ್ಸಿನಿಂದ ಬಂದದ್ದನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು ಎನ್ನುವುದು ನಿಜ. ಇಂದಿನ ವೈದ್ಯರ ಪ್ರಕಾರ ಸಾವಿರ ಹೆರಿಗೆಗಳಲ್ಲಿ ಒಬ್ಬರು ಇಬ್ಬರಿಗೆ ಈ ತೀವ್ರ ರೂಪದ ಕಾಯಿಲೆ ಬರುತ್ತದೆ, ಹೆಚ್ಚಿನವರಿಗೆ ಮೊದಲ ಎರಡು ವಾರಗಳೊಳಗೇ. ನಿದ್ದೆ ಹಾರಿಹೋಗುವುದೇ ಎಷ್ಟೋ ಸಲ ಮೊದಲ ಸೂಚನೆ. ತಡಮಾಡದೆ ಚಿಕಿತ್ಸೆ ಸಿಕ್ಕರೆ ಬಹುಪಾಲು ಹೆಂಗಸರು ಗುಣವಾಗುತ್ತಾರೆ. ನಾವು ತಡಮಾಡಿದೆವು. ನೂಲು ಕಟ್ಟಿಸಿದೆವು, ಹರಕೆ ಹೊತ್ತೆವು. ಎರಡು ವಾರ ಕಳೆದ ಮೇಲೆ ಅಪ್ಪ, ಚಿಕ್ಕಪ್ಪ ಸೇರಿ ಅವಳನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ಒಂದು ಆಸ್ಪತ್ರೆಗೆ ಸೇರಿಸಿದರು. ಮಗುವನ್ನು ಚಿಕ್ಕಪ್ಪನ ತಾಯಿ ಊರಿಗೆ ಕರೆದೊಯ್ದರು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಊರೆಂದರೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದೂರ.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಮುಂಬಯಿಯಲ್ಲಿ ಬೆಳೆದ ನಮಗೆಲ್ಲ ‘ಠಾಣೆಗೆ ಕಳಿಸಬೇಕು’ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. ಉತ್ತರ ಕರ್ನಾಟಕದವರು ‘ಧಾರವಾಡಕ್ಕೆ’ ಎನ್ನುತ್ತಾರೆ. ಬೆಂಗಳೂರಿನ ಕಡೆಯವರು ‘ನಿಮ್ಹಾನ್ಸ್‌ಗೆ’ ಎನ್ನುತ್ತಾರೆ. ಠಾಣೆಯ ಮನೋರೋಗ ಆಸ್ಪತ್ರೆ ಶುರುವಾದದ್ದು 1901ರಲ್ಲಿ. ಧಾರವಾಡದ್ದು ಅದಕ್ಕಿಂತ ಹಳೆಯದು, ಹತ್ತೊಂಬತ್ತನೆಯ ಶತಮಾನದ್ದು. 1956ರವರೆಗೆ ಧಾರವಾಡವೂ ಮುಂಬಯಿ ಆಡಳಿತಕ್ಕೇ ಸೇರಿತ್ತು. 1912ರ ಕಾನೂನಿನ ಪ್ರಕಾರ ಎಷ್ಟೋ ಜನರನ್ನು ಇಂಥ ಆಸ್ಪತ್ರೆಗಳಿಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಒಳಗೆ ಹೋದ ಅನೇಕರು ಹೊರಗೆ ಬರುತ್ತಿರಲಿಲ್ಲ. ಏಕೆಂದರೆ ಗುಣಪಡಿಸುವ ಔಷಧಿಯೇ ಇರಲಿಲ್ಲ. ಆಸ್ಪತ್ರೆ ಎಂದರೆ ಗೋಡೆ, ಅಷ್ಟೆ.

ಬದಲಾವಣೆ ನಿಧಾನವಾಗಿ ಬಂತು. 1938ರಲ್ಲಿ ನಮ್ಮ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಮಸಾನಿಯವರು ಮನೋರೋಗಿಗಳಿಗಾಗಿ ಹೊರರೋಗಿ ವಿಭಾಗ ತೆರೆದರು. ಜ್ವರ, ಕೆಮ್ಮಿಗೆ ಹೋಗುವ ಆಸ್ಪತ್ರೆಗೇ ಮನಸ್ಸಿನ ಕಾಯಿಲೆಗೂ ಹೋಗಬಹುದು ಎಂದಾಯಿತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಕೆಲವೇ ವರ್ಷಗಳಲ್ಲಿ ಅದು ಲೋಕದ ತುಂಬ ಹಬ್ಬಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಒಟ್ಟಿನಲ್ಲಿ 1950ರ ದಶಕದಿಂದೀಚೆಗೆ ಹೊಸದೊಂದು ಸಂಗತಿ ನಡೆಯತೊಡಗಿತು. ಹೋದವರು ಗುಣವಾಗಿ ಮನೆಗೆ ಬರತೊಡಗಿದರು. ಅವರನ್ನು ಬರಮಾಡಿಕೊಳ್ಳುವುದು ಹೇಗೆ ಎಂದು ಮನೆಗಳಿಗೆ ಗೊತ್ತಿರಲಿಲ್ಲ.

ಸರಿಯಾಗಿ ಆ ಹೊತ್ತಿನಲ್ಲಿ ತ್ರಿವೇಣಿ ಬರೆದರು. ನಿಜನಾಮ ಅನಸೂಯಾ ಶಂಕರ್, ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಬಿ.ಎಂ.ಶ್ರೀ. ಅವರ ಮನೆತನದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ‘ಬೆಕ್ಕಿನ ಕಣ್ಣು’, ‘ಶರಪಂಜರ’ದಂಥ ಕಾದಂಬರಿಗಳಲ್ಲಿ ಆ ಓದು ಕೆಲಸ ಮಾಡಿದೆ. ‘ಶರಪಂಜರ’ದ ಕಾವೇರಿ ಓದಿದ ಹುಡುಗಿ, ಪ್ರೀತಿಸುವ ಗಂಡ ಸತೀಶ, ತುಂಬಿದ ಮನೆ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಕಾದಂಬರಿಯ ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ಅವಳು ನಕ್ಕರೆ ಸಂಶಯ, ಸಿಟ್ಟಾದರೆ ಸಂಶಯ, ಸುಮ್ಮನಿದ್ದರೂ ಸಂಶಯ. ಗಂಡನ ಮನಸ್ಸು ಬೇರೆ ಹೆಣ್ಣಿನ ಕಡೆ ತಿರುಗಿರುತ್ತದೆ. ಆಸ್ಪತ್ರೆ ಗುಣಪಡಿಸಿ ಕಳಿಸಿದವಳನ್ನು ಮನೆ ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ.

ತ್ರಿವೇಣಿ ತೀರಿಕೊಂಡದ್ದು 1963ರ ಜುಲೈ 29ರಂದು, ಹೆಣ್ಣು ಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ಬರೆದುಕೊಟ್ಟವರು ಬಾಣಂತಿಯಾಗಿಯೇ ಹೋದರು.

ಅದೇ 1963ರ ಜನವರಿಯಲ್ಲಿ ಲಂಡನ್ನಿನಲ್ಲಿ ‘ದ ಬೆಲ್ ಜಾರ್’ ಎಂಬ ಕಾದಂಬರಿ ಬಂದಿತ್ತು. ಇಪ್ಪತ್ತರ ಹುಡುಗಿಯೊಬ್ಬಳ ಮನಸ್ಸು ಕುಸಿದು, ಆಸ್ಪತ್ರೆ ಸೇರಿ, ಮತ್ತೆ ಎದ್ದು ನಿಲ್ಲುವ ಕಥೆ. ಬರೆದವರು ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್. 1953ರಲ್ಲಿ ತಾನು ಅನುಭವಿಸಿದ್ದನ್ನೇ ಆಕೆ ಕಾದಂಬರಿ ಮಾಡಿದ್ದರು, ಆದರೆ ಪುಸ್ತಕದ ಮೇಲೆ ತನ್ನ ಹೆಸರು ಹಾಕಲಿಲ್ಲ, ವಿಕ್ಟೋರಿಯಾ ಲೂಕಸ್ ಎಂಬ ಹೆಸರು ಹಾಕಿದರು. ಮರು ತಿಂಗಳೇ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಆಕೆ ಬದುಕನ್ನು ತಾನೇ ಕೊನೆಗೊಳಿಸಿಕೊಂಡರು. ಅವರ ಸ್ವಂತ ಹೆಸರಿನಲ್ಲಿ ಆ ಪುಸ್ತಕ ಅಮೆರಿಕದಲ್ಲಿ ಬಂದದ್ದು 1971ರಲ್ಲಿ. ಅಲ್ಲಿಯೂ ‘ನನಗೇ ಹೀಗಾಗಿತ್ತು’ ಎಂದು ಹೆಣ್ಣೊಬ್ಬಳು ಹೇಳಲು ಬೇರೆ ಹೆಸರಿನ ಸೆರಗು ಬೇಕಾಗಿತ್ತು ಎಂಬುದನ್ನು ನೆನಪಿಡಬೇಕು.

ಈಗ ನಮ್ಮ ಚಾಳಿಗೆ ಮರಳುತ್ತೇನೆ.

ನವರಾತ್ರಿಯ ಹೊತ್ತಿಗೆ ಚಿಕ್ಕಮ್ಮ ಗುಣವಾಗಿ ನಮ್ಮ ಮನೆಗೇ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕೈ ಸಣ್ಣಗೆ ನಡುಗುತ್ತಿತ್ತು, ಉಳಿದಂತೆ ನಮ್ಮ ಹಳೆಯ ಚಿಕ್ಕಮ್ಮನೇ. ದೀಪಾವಳಿಗೆ ಮಗುವನ್ನು ಊರಿನಿಂದ ಕರೆತರುವುದೆಂದು ಮಾತಾಗಿತ್ತು. ಅಮ್ಮ ನನ್ನನ್ನು ಒಳಗೆ ಕರೆದು ಹೇಳಿದಳು: “ಚಿಕ್ಕಮ್ಮನ ಮೇಲೆ ಒಂದು ಕಣ್ಣು ಇರಲಿ ಮಗಾ. ಏನಾದರೂ ಬೇರೆ ತರ ಕಂಡರೆ ನನಗೆ ಹೇಳು.” ನನಗೆ ಹನ್ನೊಂದು ವರ್ಷ. ದೊಡ್ಡವರ ಕೆಲಸ ಸಿಕ್ಕಿದ ಹೆಮ್ಮೆ. ಶಾಲೆ ಬಿಟ್ಟು ಬಂದ ಕೂಡಲೇ ಅವಳ ಹಿಂದೆ ನೆರಳಿನ ಹಾಗೆ. ನಲ್ಲಿಗೆ ಹೋದರೆ ನಾನೂ ನಲ್ಲಿಗೆ. ಮೆಟ್ಟುಕತ್ತಿಯ ಮುಂದೆ ಕೂತರೆ ನಾನೂ ಎದುರಿಗೆ. ಸ್ಟವ್ ಹಚ್ಚಿದರೆ ಬಾಗಿಲಲ್ಲಿ. ರಾತ್ರಿ ಅಮ್ಮನಿಗೆ ವರದಿ.

ಒಂದು ಸಂಜೆ ಗ್ಯಾಲರಿಯಲ್ಲಿ ಎದುರು ಖೋಲಿಯ ಮರಾಠಿ ವಹಿನಿ ತಮ್ಮ ಆರು ತಿಂಗಳ ಮಗುವನ್ನು ಚಿಕ್ಕಮ್ಮನ ತೊಡೆಯ ಮೇಲೆ ಇಟ್ಟು, ಕೊಡ ತೆಗೆದುಕೊಂಡು ನೀರಿಗೆ ಹೋಗಿಬಿಟ್ಟರು. ಅಮ್ಮ ಕಂಡು ಗಾಬರಿಯಾಗಿ ಓಡಿ ಬಂದು ಮಗುವಿಗೆ ಕೈ ಚಾಚಿದಳು. ಅಷ್ಟರಲ್ಲಿ ತಿರುಗಿ ಬಂದ ವಹಿನಿ “ರಾಹು ದ್ಯಾ, ಛಾನ್ ಝೋಪಲಾಯ್” ಎಂದರು. ಇರಲಿ ಬಿಡಿ, ಚೆನ್ನಾಗಿ ನಿದ್ದೆ ಮಾಡಿದ್ದಾನೆ ಎಂದು. ಅವರಿಗೆ ಎಲ್ಲವೂ ಗೊತ್ತಿತ್ತು. ಚಾಳಿನಲ್ಲಿ ಗೊತ್ತಾಗದೆ ಇರುವುದು ಏನಿದೆ? ಗೊತ್ತಿದ್ದೂ ಕೊಟ್ಟಿದ್ದರು.

ಮರುದಿನ ಶಾಲೆಯಿಂದ ಬಂದಾಗ ಒಳಗಿನ ಖೋಲಿಯಲ್ಲಿ ಚಿಕ್ಕಮ್ಮ ಒಬ್ಬಳೇ ಕೂತು, ಖಾಲಿ ತೊಡೆ ಅಲುಗಾಡಿಸುತ್ತಾ ಏನೋ ಹೇಳಿಕೊಳ್ಳುತ್ತಿದ್ದಳು. ರಾತ್ರಿ ನಾನು ಅಮ್ಮನಿಗೆ ಹೇಳಿದೆ: “ಚಿಕ್ಕಮ್ಮ ಒಬ್ಬಳೇ ಮಾತಾಡ್ತಾ ಇದ್ದಳು.”

ಅದು ಜೋಗುಳ. ಮಗು ಬರುವುದಿದೆಯಲ್ಲ, ಅದಕ್ಕೆ ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ನಾನು ಅದನ್ನು ಹೇಳಲಿಲ್ಲ. ಜೋಗುಳ ಎಂದು ನನಗೆ ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಗೊತ್ತಾಗಿತ್ತು ಎಂದೇ ಅನಿಸುತ್ತದೆ. ಹೇಳಲು ಏನಾದರೂ ಬೇಕಾಗಿತ್ತು, ಹೇಳಿದೆ. ದೀಪಾವಳಿಗೆ ಮಗು ಬರಲಿಲ್ಲ. ಮುಂದಿನ ಮೇ ತಿಂಗಳು ನೋಡುವಾ ಎಂದರು. ಆ ಮೇಯಲ್ಲಿ ಮತ್ತೊಂದು ಕಾರಣ. ಚಿಕ್ಕಪ್ಪನಿಗೆ ಅವರ ಕಡೆಯ ಹಿರಿಯರು ಬಿಡುಗಡೆಯ ಮಾತನ್ನೂ ಆಡಿದರು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬುದ್ಧಿಭ್ರಮಣೆ ವಿಚ್ಛೇದನಕ್ಕೆ ಒಂದು ಕಾರಣವೇ ಆಗಿತ್ತು. ಚಿಕ್ಕಪ್ಪ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು, ಮಾತು ಕಡಿಮೆ. ಅವರು ವಕೀಲರ ಬಳಿ ಹೋಗಲಿಲ್ಲ. ಹಾಗೆಂದು ಊರಿಗೆ ಹೋಗಿ ಮಗುವನ್ನು ಎತ್ತಿಕೊಂಡೂ ಬರಲಿಲ್ಲ. ಮಗು ಮುಂಬಯಿಗೆ ಬಂದದ್ದು 1976ರ ಮೇ ರಜೆಯಲ್ಲಿ, ಅದಕ್ಕೆ ಎರಡು ವರ್ಷ ತುಂಬುತ್ತಾ ಬಂದಾಗ. ಅದು ಅಜ್ಜಿಯನ್ನೇ ಅಮ್ಮ ಎನ್ನುತ್ತಿತ್ತು. ಚಿಕ್ಕಮ್ಮನನ್ನು ಕಂಡರೆ ಓಡಿಹೋಗುತ್ತಿತ್ತು.

ಹತ್ತು ವರ್ಷಗಳ ನಂತರ, ನಾನು ಕೆಲಸಕ್ಕೆ ಸೇರಿದ ಮೇಲೆ, ಗ್ರಂಥಾಲಯದಿಂದ ‘ಶರಪಂಜರ’ ತಂದು ಓದುತ್ತಿದ್ದೆ. ಚಿಕ್ಕಮ್ಮ ಬಂದಿದ್ದಳು. ಪುಸ್ತಕವನ್ನು ಬಚ್ಚಿಡಲು ನೋಡಿದೆ. ಅವಳು ನಕ್ಕಳು.

“ಯಾಕೆ ಅಡಗಿಸ್ತಿ? ಮದುವೆಗೆ ಮೊದಲೇ ಓದಿದ್ದೇನೆ ನಾನು. ಕಾವೇರಿಗಾಗಿ ರಾತ್ರಿಯೆಲ್ಲ ಅತ್ತಿದ್ದೆ. ನಿನ್ನ ಅಮ್ಮ ಸಿನಿಮಾವನ್ನು ಎರಡು ಸಲ ನೋಡಿದ್ದಾಳೆ, ಉಡುಪಿಯಲ್ಲಿ. ಕಲ್ಪನಾ ಅತ್ತರೆ ಇವಳೂ ಅಳುವುದು. ನಿನ್ನ ಚಿಕ್ಕಪ್ಪನ ತಾಯಿ ಕೂಡ ನೋಡಿದ್ದಾರೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಜೋಗುಳ ಹೇಳ್ತಾ ಇದ್ದೆ ಮಗಾ ಅವತ್ತು” ಎಂದಳು. ಅಷ್ಟೇ. ಬೈಯಲಿಲ್ಲ. ಚಹಾ ಮಾಡಲು ಎದ್ದಳು.

ಗೆಳತಿಯರೇ, ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೇ. ನಮ್ಮ ಮನೆಯವರು ಕೆಟ್ಟವರಲ್ಲ, ತಿಳಿಯದವರೂ ಅಲ್ಲ. ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ‘ಶರಪಂಜರ’ವನ್ನು ಚಿತ್ರ ಮಾಡಿದಾಗ ನಾಡಿಗೆ ನಾಡೇ ನೋಡಿ ಕಣ್ಣೊರೆಸಿಕೊಂಡಿತು. ಅದರಲ್ಲಿ ನಮ್ಮವರೂ ಇದ್ದರು. ಕಾವೇರಿಗಾಗಿ ಅತ್ತ ಕಣ್ಣುಗಳೇ ಚಿಕ್ಕಮ್ಮನನ್ನು ಕಾವಲು ಕಾದವು. ಸತೀಶನನ್ನು ಬೈಯುವುದು ಸುಲಭ. ಆದರೆ ಕಾವೇರಿಯನ್ನು ಕೆಡಿಸಿದ್ದು ಅವನೊಬ್ಬನೇ ಅಲ್ಲ. ‘ಏನಾದರೂ ಬೇರೆ ತರ ಕಂಡರೆ ಹೇಳು’ ಎನ್ನುವ ಪ್ರೀತಿಯ ಮಾತೂ ಆ ಪಂಜರದ ಒಂದು ಬಾಣ. ಅದನ್ನು ಹಿಡಿದು ನಿಂತವಳು ನಾನು.

ಇನ್ನು ಎರಡನೆಯ ಪುಸ್ತಕ. ‘ಎಮ್ ಆ್ಯಂಡ್ ದ ಬಿಗ್ ಹೂಮ್’ 2012ರಲ್ಲಿ ಬಂತು, 2016ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಕರ್ನಾಟಕ ಸಂಘವಿರುವ ಅದೇ ಮಾಹಿಮು, ಮಾಟುಂಗಾ ಪರಿಸರ. ಒಂದು ಚಿಕ್ಕ ಫ್ಲ್ಯಾಟು, ಗೋವಾ ಮೂಲದ ಕ್ರಿಶ್ಚಿಯನ್ ಕುಟುಂಬ. ತಾಯಿಯನ್ನು ಮಕ್ಕಳು ‘ಎಮ್’ ಎನ್ನುತ್ತಾರೆ. ಕಥೆ ಹೇಳುವವನು ಮಗ. ಅವನು ಹುಟ್ಟಿದ ಮೇಲೆಯೇ ಎಮ್‌ಗೆ ಕಾಯಿಲೆ ಶುರುವಾದದ್ದು, ಅದು ಅವನಿಗೆ ಗೊತ್ತು. ಹಿಗ್ಗು ಮೇರೆ ಮೀರುವುದು, ಆಮೇಲೆ ಪಾತಾಳಕ್ಕೆ ಇಳಿಯುವುದು, ಹೀಗೆ ಎರಡು ತುದಿಗಳ ನಡುವೆ ಎಮ್‌ಳ ಬದುಕು. ಕಾದಂಬರಿ ತೆರೆದುಕೊಳ್ಳುವುದೇ ಜೆ.ಜೆ. ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ. ತನ್ನ ತಾಯಿಯ ಕಾಯಿಲೆ, ತನ್ನ ಮನೆಯ ಬದುಕು ಈ ಪುಸ್ತಕದ ಬೇರು ಎಂದು ಪಿಂಟೋ ಬಹಿರಂಗವಾಗಿಯೇ ಹೇಳಿದ್ದಾರೆ. ಸಿಲ್ವಿಯಾ ಪ್ಲಾತ್‌ಗೆ ಬೇಕಾಗಿದ್ದ ಸೆರಗನ್ನು ಅವರು ತೆಗೆದುಹಾಕಿದರು.

ನನ್ನನ್ನು ಕಟ್ಟಿಹಾಕಿದ್ದು ಎಮ್‌ಳ ಮಾತು. ಅವಳು ಬೀಡಿ ಸೇದುತ್ತಾಳೆ, ಚಹಾ ಕುಡಿಯುತ್ತಾಳೆ, ನಾಚಿಕೆಯಿಲ್ಲದೆ ನಗಿಸುತ್ತಾಳೆ, ಮಕ್ಕಳ ಮನಸ್ಸಿಗೆ ಚುಚ್ಚುತ್ತಾಳೆ, ಮತ್ತೆ ಮುದ್ದು ಮಾಡುತ್ತಾಳೆ. ಅವಳ ಕಾಗದಗಳು, ದಿನಚರಿಯ ಪುಟಗಳು ಕಥೆಯೊಳಗೆ ಬರುತ್ತವೆ. ಮನೆಯವರು ಅವಳಿಗೆ ಹೆದರುತ್ತಾರೆ, ಅವಳಿಂದ ಸುಸ್ತಾಗುತ್ತಾರೆ. ಆದರೆ ಅವಳ ಮಾತನ್ನು ‘ರೋಗದ ಮಾತು’ ಎಂದು ತಳ್ಳಿಬಿಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಅವಳು ಪೂರ್ತಿ ಗುಣವಾಗುವುದೇ ಇಲ್ಲ, ಆದರೂ ಅವಳಿಗೆ ಮನೆ ಇರುತ್ತದೆ. ಕಾವೇರಿ ಗುಣವಾಗಿಯೂ ಮನೆ ಕಳೆದುಕೊಂಡಳು. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡ ವ್ಯತ್ಯಾಸ ಇದು. ನಮ್ಮ ಚಿಕ್ಕಮ್ಮ ಇಬ್ಬರ ನಡುವೆ ಎಲ್ಲೋ ಇದ್ದಳು. ಅವಳ ಕಥೆಯನ್ನು ಅವಳೇ ಹೇಳಿದ್ದರೆ ಹೇಗಿರುತ್ತಿತ್ತೋ. ನಾವು ಕೇಳಲಿಲ್ಲ. ಈಗ ಅವಳಿಲ್ಲ.

ಕಾಲ ಬದಲಾಗಿದೆ, ಅದನ್ನೂ ಹೇಳಬೇಕು. 1988ರಲ್ಲಿ ಸುಪ್ರೀಂ ಕೋರ್ಟು, ಸ್ಕಿಜೋಫ್ರೇನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಅದರ ತೀವ್ರತೆ ಎಷ್ಟು ಎಂದು ನೋಡಬೇಕು ಎಂದು ತೀರ್ಪು ಕೊಟ್ಟಿತು. 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿನ ವಿಭಾಗ ಶುರುವಾಯಿತು. ಕಾಯಿಲೆಯಾದ ಬಾಣಂತಿ ಮಗುವಿನ ಜೊತೆಗೇ ಅಲ್ಲಿ ಇರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ. ಮನೆಯವರು ಕೈಬಿಟ್ಟರೆ, ಮನೆಯಲ್ಲಿ ವಾಸಿಸುವ ಹಕ್ಕನ್ನು ಪಡೆಯಲು ಸರಕಾರ ಕಾನೂನಿನ ನೆರವು ಕೊಡಬೇಕು ಎಂದೂ ಅದರಲ್ಲಿದೆ. ಈ ಸಾಲುಗಳನ್ನು ಮೊದಲ ಸಲ ಓದಿದ ದಿನ ನಾನು ಚಿಕ್ಕಮ್ಮನ ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ, ಹಣ ಇಲ್ಲ. ಈ ಸಂಚಿಕೆಯಿಂದ ನೀವು ಒಂದೇ ಸಂಗತಿಯನ್ನು ಉಳಿಸಿಕೊಳ್ಳುವುದಾದರೆ ಈ ಸಂಖ್ಯೆಯನ್ನು ಉಳಿಸಿಕೊಳ್ಳಿ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಬಾಣಂತಿಗೆ ಸುಮ್ಮನೆ ಅಳು ಬರುವುದು ಸಾಮಾನ್ಯ, ಕೆಲವು ದಿನದಲ್ಲಿ ಹೋಗುತ್ತದೆ. ಆದರೆ ಅವಳಿಗೆ ನಿದ್ದೆಯೇ ಇಲ್ಲ, ಮಾತು ಹಿಡಿತ ತಪ್ಪುತ್ತಿದೆ, ಮಗು ತನ್ನದಲ್ಲ ಎನ್ನುತ್ತಾಳೆ ಎಂದಾದರೆ ಆ ದಿನವೇ ಡಾಕ್ಟರರ ಬಳಿ ಹೋಗಿ. ಹರಕೆಯನ್ನು ಆಮೇಲೆ ತೀರಿಸಬಹುದು.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮತ್ತೊಂದು ಬಾಣಂತನ ಆಯಿತು. ಸೊಸೆಗೆ ಆರನೆಯ ದಿನದಿಂದ ನಿದ್ದೆ ಬರಲಿಲ್ಲ. ಈ ಸಲ ನಾವು ಎರಡು ರಾತ್ರಿಗಿಂತ ಹೆಚ್ಚು ಕಾಯಲಿಲ್ಲ. ಚಿಕಿತ್ಸೆಯಾಯಿತು. ಇನ್ನು ಮಗುವನ್ನು ಅವಳೇ ನೋಡಿಕೊಳ್ಳಬಹುದು ಎಂದು ಡಾಕ್ಟರರು ಹೇಳಿದ ದಿನ ನಾನು ಮೊಮ್ಮಗನನ್ನು ಅವಳ ತೊಡೆಯ ಮೇಲೆ ಇಟ್ಟು, “ಅನ್ನಕ್ಕೆ ಇಡುತ್ತೇನೆ” ಎಂದು ಅಡುಗೆ ಮನೆಗೆ ಹೋದೆ. ತಿರುಗಿ ನೋಡಲಿಲ್ಲ ಎಂದು ಬರೆಯಬೇಕೆಂದು ಆಸೆ. ಸುಳ್ಳು ಯಾಕೆ, ಒಂದು ಸಲ ನೋಡಿದೆ. ಅವಳು ಅದನ್ನು ಕಂಡಳು, ಸಣ್ಣಗೆ ನಕ್ಕಳು. ನಾನು ಒಳಗೆ ಹೋಗಿ ಅಕ್ಕಿ ತೊಳೆದೆ.